ಟೇಪಕ್ಕ ಅಳೆದ ತೆರಿಗೆ ಕಡಿತ

ಪುರಸಭೆಯ ಅಳತೆ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ ಆಕೆಯನ್ನು ಊರು ಹೆಸರು ಹಿಡಿದು ಕರೆದದ್ದೇ ಇಲ್ಲ. ಎಲ್ಲರಿಗೂ ಆಕೆ ಟೇಪಕ್ಕ. ಕಟ್ಟಡದ ಅಳತೆಯ ಮೇಲೆ ತೆರಿಗೆ, ಅಳೆಯುವವಳು ಇವಳು. ಹೀಗಾಗಿ ಇವಳು ಬೀದಿಗೆ ಕಾಲಿಟ್ಟರೆ ಅರ್ಧ ಜನಕ್ಕೆ ತಲೆನೋವು ಬರುತ್ತಿತ್ತು, ಉಳಿದರ್ಧಕ್ಕೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಚಹಾ ಕುದಿಯತೊಡಗುತ್ತಿತ್ತು. ಚಹಾ ಕುಡಿಯುತ್ತಿದ್ದಳು, ಅಳತೆಯಲ್ಲಿ ಮಾತ್ರ ಒಂದು ಗೇಣೂ ಬಿಡುತ್ತಿರಲಿಲ್ಲ.

ಅವಳದೊಂದು ಪದ್ಧತಿಯಿತ್ತು. ಟೇಪಿನ ಸೊನ್ನೆಯ ತುದಿಯನ್ನು ಮನೆಯವರೇ ಹಿಡಿಯಬೇಕು. "ಆಮೇಲೆ ನಾನು ಮೋಸ ಮಾಡಿದೆ ಅನ್ನಬಾರದು ನೋಡಿ, ಗೋಡೆಗೆ ಒತ್ತಿ ಹಿಡ್ಕೊಳ್ಳಿ" ಎನ್ನುತ್ತಿದ್ದಳು. ಕೆಲವು ಘಾಟಿಗಳು ಹಿಡಿದ ತುದಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುವುದೂ ಇತ್ತು. ಇವಳು ಟೇಪನ್ನು ಒಮ್ಮೆ ಜಗ್ಗಿದರೆ ಸಾಕು, ಅವರು ಹಲ್ಲು ಕಿರಿದು ಸ್ವಸ್ಥಾನಕ್ಕೆ ಮರಳುತ್ತಿದ್ದರು.

ಆ ವರ್ಷ ಹೊಸ ಅಧ್ಯಕ್ಷರು ಎಲ್ಲರ ಕಟ್ಟಡ ತೆರಿಗೆಯಲ್ಲೂ ಕಾಲು ಭಾಗ ಕಡಿತ ಎಂದು ಘೋಷಿಸಿದರು. ವಿರೋಧ ಪಕ್ಷದ ಮುಖಂಡರಾದ ಔಷಧಿ ಅಂಗಡಿಯವರು ಮೂರು ವಾರ ಮೇಜು ಕುಟ್ಟಿ ಕೂಗಾಡಿದರು. ನಾಲ್ಕನೆಯ ವಾರ ಅವರ ವಾರ್ಡಿಗೆ ಎರಡು ಹೊಸ ರಸ್ತೆ ಮಂಜೂರಾಯಿತು, ಗಂಟಲೂ ತಣ್ಣಗಾಯಿತು. ಇದಕ್ಕೆ ರಾಜಿ ಎಂದು ಹೆಸರಿಟ್ಟರು. ಕಡಿತದಿಂದ ಬೀಳುವ ಕೊರತೆಯನ್ನು ಎಲ್ಲಿಂದ ತುಂಬಿಸುವುದು? ಪುರಸಭೆ ನಡೆಸುತ್ತಿದ್ದ ಶಿಶುಪಾಲನಾ ಕೇಂದ್ರವನ್ನು ಮುಚ್ಚುವುದು. ಮಕ್ಕಳು ಮತ ಹಾಕುವುದಿಲ್ಲವಲ್ಲ!

ಟೇಪಕ್ಕನ ಮಗಳು ಪೆಟ್ಟಿಗೆ ಕಾರ್ಖಾನೆಯಲ್ಲಿ ಸಂಜೆ ಆರರವರೆಗೆ ದುಡಿಯುತ್ತಿದ್ದಳು. ಮೂರು ವರ್ಷದ ಮೊಮ್ಮಗಳು ಅದೇ ಕೇಂದ್ರದಲ್ಲಿ ಬೆಳೆಯುತ್ತಿದ್ದಳು. ಅದು ಮುಚ್ಚಿದರೆ ಮಗಳು ಕೆಲಸ ಬಿಡಬೇಕು, ಬೇರೆ ದಾರಿಯಿರಲಿಲ್ಲ.

ಕೊನೆಯ ಸಭೆಗೆ ಅಳತೆಯ ಪುಸ್ತಕ ಹೊತ್ತು ತರುವಂತೆ ಅವಳಿಗೆ ಅಪ್ಪಣೆಯಾಗಿತ್ತು. ಪುಸ್ತಕದ ಜೊತೆ ಟೇಪೂ ಬಂತು.

"ಎಲ್ಲರಿಗೂ ಸಮಾನ ಕಡಿತ. ಇದಕ್ಕಿಂತ ನ್ಯಾಯ ಇನ್ನೇನು ಬೇಕು?" ಎಂದು ಅಧ್ಯಕ್ಷರು ಮಾತು ಮುಗಿಸುವ ಹೊತ್ತಿಗೆ ಟೇಪಕ್ಕ ಎದ್ದು ನಿಂತಳು.

"ಸರ್, ಒಂದ್ಸಲ ಅಳೆದು ನೋಡೋಣವಾ? ನೂರು ರೂಪಾಯಿಗೆ ಹತ್ತು ಸೆಂಟಿಮೀಟರ್ ಅಂತಿಟ್ಕೊಳ್ಳಿ. ಈ ತುದಿ ನೀವೇ ಹಿಡ್ಕೊಳ್ಳಿ."

ಅಭ್ಯಾಸಬಲ ನೋಡಿ, ಅವಳು ಚಾಚಿದ ತುದಿಯನ್ನು ಊರಲ್ಲಿ ಯಾರೂ ಬೇಡವೆಂದದ್ದಿಲ್ಲ. ಅಧ್ಯಕ್ಷರೂ ಹಿಡಿದರು.

"ಇಸ್ತ್ರಿ ಅಂಗಡಿಯವನ ಮನೆ. ವರ್ಷಕ್ಕೆ ನಾನೂರು ತೆರಿಗೆ, ಕಡಿತದಿಂದ ಅವನಿಗೆ ಉಳಿಯೋದು ನೂರು. ಇಷ್ಟು." ಅಂಗೈ ಅಗಲ. "ಇನ್ನು ಚೌಕದ ಬಟ್ಟೆ ಮಳಿಗೆ. ಉಳಿಯೋದು ಮೂವತ್ತು ಸಾವಿರ." ಟೇಪಕ್ಕ ನಡೆಯತೊಡಗಿದಳು. ಸದಸ್ಯರ ಕುರ್ಚಿಗಳನ್ನು ದಾಟಿ, ಬಾಗಿಲು ದಾಟಿ, ಪಡಸಾಲೆಯ ಉದ್ದಕ್ಕೂ ಹೋಗಿ ಮೆಟ್ಟಿಲ ಬಳಿ ನಿಂತು ಕೂಗಿದಳು: "ಮೂವತ್ತು ಮೀಟರ್, ಸರ್! ನನ್ನ ಟೇಪೇ ಮುಗೀತು!"

ಒಳಗೆ ನಗು ಸ್ಫೋಟಿಸಿತು. ನಗದವರು ಇಬ್ಬರೇ. ಅವಳು ಟೇಪು ಸುತ್ತುತ್ತಾ ಮರಳಿದಾಗ ಔಷಧಿ ಅಂಗಡಿಯವರು ಮೂಗು ಮುರಿದರು. "ನಿಮ್ಮ ಮೊಮ್ಮಗಳು ಆ ಕೇಂದ್ರದಲ್ಲಿದ್ದಾಳೆ ಅಂತ ತಾನೇ ಈ ನಾಟಕ?"

"ಹೌದು ಸರ್, ಅವಳಿಗೋಸ್ಕರವೇ. ನೀವು ಸುಮ್ಮನಾಗಿದ್ದು ಯಾರಿಗೋಸ್ಕರ?"

ಅವರು ಪೆಚ್ಚಾಗಿ ಕನ್ನಡಕ ಒರೆಸತೊಡಗಿದರು. ಅಂದು ಸಭೆ ಎರಡು ಗಂಟೆ ಹೆಚ್ಚು ನಡೆಯಿತು. ಕಡೆಗೆ ಹೊಸ ರಾಜಿಯಾಯಿತು. ಯಾರ ಕಟ್ಟಡವೇ ಇರಲಿ, ಮೊದಲ ನಾನೂರು ರೂಪಾಯಿ ತೆರಿಗೆಗೆ ಮಾತ್ರ ಕಡಿತ. ಇಸ್ತ್ರಿಯವನಿಗೂ ನೂರು, ಬಟ್ಟೆಯವನಿಗೂ ನೂರು. ಎಲ್ಲರಿಗೂ ಕೊಟ್ಟೆವೆಂದು ಅಧ್ಯಕ್ಷರು ಬೀಗಬಹುದು, ಬಡವರನ್ನು ಕಾಪಾಡಿದೆವೆಂದು ವಿರೋಧ ಪಕ್ಷ ಎದೆ ತಟ್ಟಿಕೊಳ್ಳಬಹುದು. ಕೇಂದ್ರವೂ ಉಳಿಯಿತು. ಒಂದು ಚಿಕ್ಕ ಷರತ್ತು ಮಾತ್ರ. ಇನ್ನು ಮೇಲೆ ಆರಕ್ಕಲ್ಲ, ಐದಕ್ಕೇ ಬಾಗಿಲು ಹಾಕಬೇಕು. ಒಂದು ಗಂಟೆ ತಾನೇ, ನಾನೇ ನೋಡಿಕೊಂಡರಾಯಿತು ಎಂದು ಟೇಪಕ್ಕ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಸೋಮವಾರ ಅನುಮತಿ ಪಡೆದು ಐದಕ್ಕೆ ಕೇಂದ್ರಕ್ಕೆ ಹೋದಳು. ಮೊಮ್ಮಗಳು ಓಡಿ ಬಂದು ಕಾಲು ತಬ್ಬಿಕೊಂಡಳು. ಅವಳ ಹಿಂದೆ ಇನ್ನೂ ಹನ್ನೊಂದು ಮಕ್ಕಳು ಚಪ್ಪಲಿ ಹಾಕಿಕೊಂಡು ಸಾಲಾಗಿ ಕೂತಿದ್ದವು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೈಯಲ್ಲಿ ಬೀಗ ಹಿಡಿದಿದ್ದಳು.

"ನೀವು ಹೊರಡಿ ಅಕ್ಕ. ಇವರ ಅಮ್ಮಂದಿರು ಬರೋದು ಆರಕ್ಕೆ. ನನಗೆ ಐದಕ್ಕೆ ಬೀಗ ಹಾಕು ಅಂತ ಆದೇಶ."

"ಅಲ್ಲೀವರೆಗೂ ಎಲ್ಲಿರ್ತಾವೆ ಇವು?"

"ಇಲ್ಲೇ, ಹೊರಗೆ ಮೆಟ್ಟಿಲ ಮೇಲೆ. ಇನ್ನೇನು ಮಾಡ್ಲಿ ಹೇಳಿ?"

ಟೇಪಕ್ಕನಿಗೆ ನಾಚಿಕೆಯಾಯಿತು. ಊರೆಲ್ಲ ಅಳೆದವಳು ಈ ಒಂದು ಗಂಟೆಯನ್ನು ತನ್ನ ಮನೆಯಷ್ಟಕ್ಕೇ ಅಳೆದು ಚಪ್ಪಾಳೆ ತಟ್ಟಿ ಬಂದಿದ್ದಳು. ಆದರೆ ನಾಚಿಕೊಂಡು ಕೂರುವ ಜಾಯಮಾನ ಅವಳದಲ್ಲ.

"ಎಲ್ಲರೂ ಕೈ ಕೈ ಹಿಡ್ಕೊಳ್ಳಿ ಮಕ್ಕಳೇ. ನೀನೂ ಬಾರಮ್ಮ, ಕೊನೆಯದನ್ನ ಹಿಡ್ಕೋ" ಎಂದಳು.

ಪುರಸಭೆ ಎರಡೇ ಬೀದಿ ಆಚೆ. ಹನ್ನೆರಡು ಮಕ್ಕಳ ಸಾಲು ಪಡಸಾಲೆ ಹಾದು ಅಧ್ಯಕ್ಷರ ಕೋಣೆಗೆ ನುಗ್ಗಿದಾಗ ಅವರು ಸಹಿ ಹಾಕುತ್ತಿದ್ದರು. ಅತಿ ಚಿಕ್ಕದೊಂದು ಆಗಲೇ ಮೇಜಿನ ಕೆಳಗೆ ನುಸುಳಿತ್ತು.

"ಇದೇನು ಟೇಪಕ್ಕ, ಇದೇನಿದು?"

"ನೀವು ಉಳಿಸಿದ ಒಂದು ಗಂಟೆ ಸರ್. ಎಲ್ಲಿ ಕೂರಿಸ್ಲಿ?"