ಬೆಂಗಳೂರಿನವರು ಮಗಳನ್ನು ನೋಡಲು ಬಂದದ್ದು

ನನ್ನ ಮಗಳ ಕೈಕಾಲು ಹುಟ್ಟಿದಾಗಿನಿಂದ ಅವಳ ಹಿಡಿತಕ್ಕೆ ಸಿಗುವುದಿಲ್ಲ. ಮಾತೂ ಹಾಗೆಯೇ, ಸದ್ದು ಬರುತ್ತದೆ, ಪದವಾಗಿ ಕೂಡಿಕೊಳ್ಳುವುದಿಲ್ಲ. ಆ ಸದ್ದು ಜಗತ್ತಿನಲ್ಲಿ ನನ್ನೊಬ್ಬಳಿಗೇ ಅರ್ಥವಾಗುತ್ತದೆ ಎಂಬ ಜಂಬ ನನಗಿತ್ತು. ಹೀಗಾಗಿ ಅವಳನ್ನು ಯಾರು ಏನು ಕೇಳಿದರೂ ಉತ್ತರ ನನ್ನ ಬಾಯಿಂದ ಬರುತ್ತಿತ್ತು. ನನ್ನ ಗಂಡ ಬನಹಟ್ಟಿಯ ನಮ್ಮ ಮನೆಯಲ್ಲೇ ಮಗ್ಗದ ಮೇಲೆ ಸೀರೆ ನೇಯುವವರು, ಮಾತು ಕಡಿಮೆ. ಮೂವರ ಪಾಲಿನದನ್ನೂ ನಾನೇ ಆಡುತ್ತಿದ್ದೆ.

ಮಗಳಿಗೆ ಎಂಟು ವರ್ಷವಾದಾಗ, ಶಾಲೆಗೆ ಹೋಗಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಸರಕಾರದ ಯೋಜನೆಯಲ್ಲಿ ಅವಳ ಹೆಸರು ಸೇರಿತು. ಜಮಖಂಡಿಯಿಂದ ಒಬ್ಬ ಅಕ್ಕೋರು ಪ್ರತಿ ಗುರುವಾರ ಬಸ್ಸಿನಲ್ಲಿ ಬಂದು, ಚಿತ್ರದ ಕಾರ್ಡು ಹರಡಿ ಪಾಠ ಹೇಳಿ ಹೋಗುತ್ತಿದ್ದರು. ಒಂದು ಗುರುವಾರ ಅವರ ಮುಖ ಬಾಡಿತ್ತು.

"ಬರೋ ವಾರ ಬೆಂಗಳೂರಿಂದ ತಂಡ ಬರತೈತ್ರಿ. ಮನ್ಯಾಗ ಪಾಠ ಖರೇನ ನಡದೈತೋ ಇಲ್ಲೋ ಅಂತ ನೋಡತಾರ. ಪರೀಕ್ಷಾ ನಂದ ಐತಿ, ನೀವೇನ ಗಾಬರಿ ಆಗಬ್ಯಾಡ್ರಿ."

ಪರೀಕ್ಷೆ ಅವರದು ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಹೆಣ್ಣು ನೋಡಲು ಬರುವವರಿಗೂ ಯಾರೂ ಅಷ್ಟು ತಯಾರಿ ಮಾಡಿರಲಾರರು. ಗೋಡೆಗೆ ಸುಣ್ಣ ಬಳಿಸಿದೆ. ಪಕ್ಕದ ಮನೆಯಿಂದ ಕುರ್ಚಿ ತಂದೆ. ಅವಲಕ್ಕಿ ಚೂಡಾ ಮಾಡಿದೆ, ಸಿಹಿಗೆಂದು ಮಾದಲಿ ಮಾಡಿದೆ. ಮಗಳನ್ನು ಮುಂದೆ ಕೂರಿಸಿಕೊಂಡು "ಮಾವಿನಹಣ್ಣ ಎಲ್ಲೈತಿ, ತೋರಸವ್ವಾ" ಎಂದು ದಿನವೂ ಅಭ್ಯಾಸ ಮಾಡಿಸಿದೆ. ಅವಳು ಬೇಸತ್ತು ಮುಖವನ್ನು ಗೋಡೆಗೆ ತಿರುಗಿಸಿದಳು. ಆಗ ನಾನೇ ಮಾವಿನಹಣ್ಣು ತೋರಿಸಿ ನಾನೇ ಭೇಷ್ ಎಂದುಕೊಂಡೆ.

ತಂಡವೆಂದರೆ ಜೀಪು ತುಂಬ ಜನ ಬಂದಾರು ಎಂದುಕೊಂಡಿದ್ದೆ. ಬಂದವರು ಬೆಂಗಳೂರಿನ ಒಬ್ಬ ಹಿರಿಯ ಅಧಿಕಾರಿ ಹೆಂಗಸು, ಬಾಗಲಕೋಟೆಯ ಕಚೇರಿಯ ಒಬ್ಬ ಸಾಹೇಬರು, ಹಿಂದೆ ನಮ್ಮ ಅಕ್ಕೋರು. ಅಧಿಕಾರಿ ಮಗಳ ಎದುರು ಕೂತು ಕೇಳಿದರು:

"ಊಟ ಆಯ್ತಾ ಪುಟ್ಟಿ?"

"ಆತ್ರಿ, ಎರಡ ರೊಟ್ಟಿ ಉಂಡಾಳ," ಎಂದೆ ನಾನು.

"ನಿನಗೆ ಯಾವ ಬಣ್ಣ ಇಷ್ಟ?"

"ಕೆಂಪರೀ. ಹುಟ್ಟಿದಾಗಿಂದ ಕೆಂಪ."

ಅಧಿಕಾರಿ ನನ್ನತ್ತ ತಿರುಗಿ ಮೆಲ್ಲಗೆ, "ಅಮ್ಮಾ, ಸ್ವಲ್ಪ ಚಹಾ ಸಿಗುತ್ತಾ?" ಎಂದರು. ನಾನು ಹಿಗ್ಗಿ ಒಳಗೆ ಹೋದೆ. ಒಲೆಯ ಮುಂದೆ ನಿಂತರೂ ಕಿವಿ ಹೊರಗೇ ಇತ್ತು. ಚಿತ್ರದ ಕಾರ್ಡು ಹಿಡಿದು ಈ ಹಕ್ಕಿ ಯಾವುದು ಎಂದು ಅವರು ಕೇಳಿದ್ದು ಕೇಳಿಸಿತು. "ಗಿಳಿರೀ," ಎಂದು ಅಡುಗೆಮನೆಯಿಂದಲೇ ಕೂಗಿದೆ.

ಆಗ ನನ್ನ ಗಂಡ ಮಗ್ಗದಿಂದೆದ್ದು ಬಂದರು. "ಹಾಲ ತಗೊಂಡ ಬಾ, ಹೋಗ."

"ಹಾಲ ಐತಲ್ಲ."

"ಸಾಲೂದಿಲ್ಲ. ಹೋಗ."

ಪಾತ್ರೆ ತುಂಬ ಹಾಲಿತ್ತು. ಆದರೂ ಹೋದೆ. ನನ್ನನ್ನು ಉಪಾಯವಾಗಿ ಹೊರಗೆ ಹಾಕಿದ್ದಾರೆ ಎಂದು ಹೊಳೆದದ್ದು ತಿರುಗಿ ಬರುವಾಗ, ಅರ್ಧ ದಾರಿಯಲ್ಲಿ.

ಮನೆ ಹೊಕ್ಕಾಗ ಮಗಳು ನಗುತ್ತಿದ್ದಳು. ಚಾಪೆಯ ಮೇಲೆ ಗುಡಿ, ಸಂತೆ, ಬಸ್ಸು, ಶಾಲೆಯ ಚಿತ್ರಗಳಿದ್ದವು. ಎಲ್ಲಿಗೆ ಹೋಗಲು ಆಸೆ ಎಂದು ಕೇಳಿದ್ದರಂತೆ. ಅವಳ ಕೈ ಶಾಲೆಯ ಮೇಲಿತ್ತು.

"ಕೈ ಜಾರೇತ್ರಿ," ಎಂದೆ. "ಸಾಲಿ ಅಂದ್ರ ಆಕಿ ಅಂಜತಾಳ."

ಅಧಿಕಾರಿ ಚಿತ್ರಗಳನ್ನು ಕಲಸಿ ಮತ್ತೆ ಹರಡಿದರು. ನಡುಗುವ ಕೈ ಸುತ್ತು ಹಾಕಿಕೊಂಡು ಹೋಗಿ ಮತ್ತೆ ಶಾಲೆಯ ಮೇಲೆಯೇ ಕೂತಿತು. ನನಗೆ ತಡೆಯಲಾಗಲಿಲ್ಲ. "ನಾ ಇಡತೇನ್ರಿ," ಎಂದು ಚಿತ್ರಗಳನ್ನು ಕಿತ್ತುಕೊಂಡು, ಗುಡಿಯನ್ನು ಅವಳ ಬೆರಳಿನ ಬುಡಕ್ಕಿಟ್ಟು, ಶಾಲೆಯನ್ನು ಚಾಪೆಯಾಚೆ ಕುರ್ಚಿಯ ಕಾಲಿನ ಹತ್ತಿರ ಇಟ್ಟೆ. ಸರಕಾರದ ಮುಂದೆಯೇ ಇಂಥ ಮೋಸ ಮಾಡಿದವಳು ನಾನು.

ಮಗಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಇಡೀ ಮೈಯನ್ನು ಮುಂದಕ್ಕೆ ನೂಕಿದಳು. ಮಗ್ಗುಲಾಗಿ ಬಿದ್ದಳು. ಎತ್ತಲು ಹೋದ ನನ್ನ ತೋಳನ್ನು ಗಂಡ ಹಿಡಿದುಕೊಂಡರು. ಅವಳು ಬಿದ್ದಲ್ಲಿಂದಲೇ ತೆವಳಿ, ಉಸಿರು ಬಿಡುತ್ತ, ಆ ಚಿತ್ರವನ್ನು ಅಂಗೈಯಿಂದ ಒತ್ತಿ ಹಿಡಿದಳು.

ಗಂಡ ತೋಳು ಬಿಟ್ಟ ಮೇಲೆ ನಾನು ಅವಳನ್ನು ಎತ್ತಿ ಕೂರಿಸಿದೆ.

ಶಾಲೆಗೆ ಅಂಜುತ್ತಿದ್ದವಳು ನಾನು. ಮಕ್ಕಳು ಅಣಕಿಸಿದರೆ, ಸಂಡಾಸಿಗೆ ಯಾರು ಕರೆದೊಯ್ಯುತ್ತಾರೆ, ನೀರು ಯಾರು ಕುಡಿಸುತ್ತಾರೆ ಎಂದೆಲ್ಲ ಕೇಳಿದೆ. ಅಧಿಕಾರಿ ಒಂದನ್ನೂ ತಳ್ಳಿಹಾಕದೆ ಕೇಳಿಸಿಕೊಂಡು, ಸಾಹೇಬರತ್ತ ತಿರುಗಿ ಓಣಿಯ ಶಾಲೆಯಲ್ಲಿ ಇಳಿಜಾರು ದಾರಿ ಇದೆಯೇ, ಆಯಾ ಇದ್ದಾರೆಯೇ ಎಂದು ವಿಚಾರಿಸಿದರು. ಸಾಹೇಬರು ಚೂಡಾ ತಿನ್ನುವುದನ್ನು ನಿಲ್ಲಿಸಿ, "ಮಾಡಸ್ತೇವ್ರಿ," ಎಂದರು. ಅಕ್ಕೋರಿಗೆ ಶಹಬ್ಬಾಸ್ ಸಿಕ್ಕಿತು.

ಇಳಿಜಾರು ಆಗಿದ್ದು ದಸರೆಯ ರಜೆ ಮುಗಿದ ಮೇಲೆ. ಗಾಲಿಕುರ್ಚಿಯೂ ಬಂತು. ನೆರವಿಗೆಂದು ನಾನೂ ಹೋಗಿ ತರಗತಿಯ ಹಿಂದೆ ಕೂತೆ. ಅಲ್ಲಿನ ಅಕ್ಕೋರು ಮಗ್ಗಿ ಕೇಳಿದರು. ಮಕ್ಕಳು ಬಾಯಿ ತೆರೆಯುವುದರೊಳಗೆ ನಾನು ಹೇಳಿಬಿಟ್ಟಿದ್ದೆ. ಒಂದು ವಾರ ಸಹಿಸಿಕೊಂಡ ಹೆಡ್ ಮಾಸ್ತರರು ಕರೆದು, "ಅಕ್ಕಾರ, ಹಾಜರಿಯೊಳಗ ನಿಮ್ಮ ಹೆಸರಿಲ್ಲರಿ," ಎಂದರು. ಮೊದಲು ಕಂಪೌಂಡಿನ ಬೇವಿನ ಗಿಡದ ಕೆಳಗೆ ಕೂತೆ. ಆಮೇಲೆ ಆಯಾ ಅಲ್ಲಿಂದಲೂ ಎಬ್ಬಿಸಿದಳು.

ಚಳಿಗಾಲದಲ್ಲಿ ಮುಧೋಳದಿಂದ ನನ್ನ ನಾದಿನಿ ಬಂದಳು. "ಸಾಲ್ಯಾಗ ಏನ ಕಲತೀಯವ್ವಾ?" ಎಂದು ಮಗಳನ್ನು ಕೇಳಿದಳು. ನಾನು ಶುರು ಮಾಡಿದೆ: ಅಕ್ಷರ ಗುರುತು ಹಿಡಿತಾಳ, ಹಾಡ ಕೇಳತಾಳ...

"ಸುಮ್ನಿರ ಬೇ."

ಹೇಳಿದವಳು ಮಗಳು, ಶಾಲೆಯ ಗೆಳತಿಯರಿಂದ ಕಲಿತದ್ದು. ಎಳೆದು, ತಡವರಿಸಿ, ಆದರೂ ಪೂರ್ತಿ ಬಂತು. ಮಗ್ಗದ ಸದ್ದು ನಿಂತಿತು. "ಇದ ನನಗೂ ತಿಳೀತ," ಎಂದರು ನನ್ನ ಗಂಡ. ನಾದಿನಿ ನಕ್ಕಳು, ಮಗಳು ನಕ್ಕಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವಮಾನಕ್ಕೋ ಸಂತೋಷಕ್ಕೋ ಹೇಳಲಾರೆ.

ಈಗ ಮಧ್ಯಾಹ್ನಗಳು ಖಾಲಿ ಎಂದು ಗಂಡ ನನಗೆ ನೂಲು ಸುತ್ತುವ ಕೆಲಸ ಹಚ್ಚಿದರು. ನೂಲು ಪದೇ ಪದೇ ಹರಿಯುತ್ತದೆ. ಮಾತಾಡುತ್ತ ಸುತ್ತುತ್ತೇನೆ, ಅದಕ್ಕೇ ಎಂದು ಅವರ ಮುಖ ಹೇಳುತ್ತದೆ. ಬಾಯಿ ಬಿಟ್ಟು ಅವರಿನ್ನೂ ಹೇಳಿಲ್ಲ.