ಹ್ಯಾನಜ್ಜಿಯನ್ನು ಹುಡುಕಿಕೊಂಡು ಡೆಟ್ರಾಯಿಟ್‌ಗೆ

ಅಕ್ಟೋಬರಿನ ಒಂದು ಶನಿವಾರ, ಬೆಳಗಿನ ಕಾಫಿ ಮುಗಿಸಿ ನೇಪರ್‌ವಿಲ್‌ನಿಂದ ಹೊರಟೆವು. ಕಾರು ಓಡಿಸುತ್ತಿದ್ದವಳು ನನ್ನ ಮಗಳು ಸಹನಾ. ದಾರಿಯಲ್ಲಿ ವೆಸ್ಟ್‌ಮಂಟ್‌ಗೆ ಹೋಗಿ ನನ್ನಕ್ಕ ಸರೋಜಳನ್ನು ಹತ್ತಿಸಿಕೊಂಡೆವು. ನಾವು ಹೋಗಬೇಕಿದ್ದ, ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್ ಅಲ್ಲಿಂದ ಹತ್ತಿರಹತ್ತಿರ ಮುನ್ನೂರು ಮೈಲಿ. ಅಕ್ಕ ಮೂರು ಸಾವಿರ ಮೈಲಿಗಾಗುವಷ್ಟು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದಳು.

ಹೊರಟ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಸಹನಾಳ ಮದುವೆ ಗೊತ್ತಾಗಿತ್ತು. ಹುಡುಗ ಅಮೆರಿಕದವನೇ. ಅವನ ತಾಯಿ ಕ್ಯಾರನ್ ಇರುವುದು ಆಬರ್ನ್ ಹಿಲ್ಸ್‌ನಲ್ಲಿ. ನಮ್ಮ ಮನೆಯಲ್ಲಿ ಮದುವೆಗೆ ಮುಂಚೆ ಹೂವೀಳ್ಯವೆಂದು ಮಾಡುತ್ತೇವೆ. ಗಂಡನಿರುವಾಗಲೇ ಮುತ್ತೈದೆಯಾಗಿ ತೀರಿಕೊಂಡ ಹಿರಿಯ ಹೆಂಗಸರನ್ನು ನೆನೆದು, ಸೀರೆಯಿಟ್ಟು ಪೂಜಿಸಿ, ಆ ಸೀರೆಯನ್ನು ಮನೆಮಗಳಿಗೆ ಕೊಡುವ ಪದ್ಧತಿ ಅದು. ಸಹನಾ ಇದನ್ನು ಹೇಳಿದ್ದೇ ತಡ, ಕ್ಯಾರನ್ ನನಗೆ ಫೋನ್ ಮಾಡಿ, "ನಮ್ಮ ಹ್ಯಾನಾಳಿಗೂ ಒಂದು ಸೀರೆ ಇಡಬಹುದೇ?" ಎಂದು ಕೇಳಿದರು. ಹ್ಯಾನಾ ಕ್ಯಾರನ್‌ರ ಮುತ್ತಜ್ಜಿಯ ತಾಯಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಡೆಟ್ರಾಯಿಟ್‌ಗೆ ಬಂದವಳು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಗಂಡ ಇರೋವಾಗ್ಲೇ ಹೋದ್ಳಾ, ಆಮೇಲಾ?"

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ; ಹ್ಯಾನಾಳ ಮನೆ, ಸಮಾಧಿ ನೋಡಿಬರೋಣವೆಂದು ಕ್ಯಾರನ್ ಕರೆದಾಗ ಹೊರಟೇಬಿಟ್ಟೆವು. ವಿಧವೆಗೆ ಈ ಪೂಜೆ ಸಲ್ಲುವುದಿಲ್ಲ. ವಿಧವೆ ಇದನ್ನು ಮಾಡುವಂತೆಯೂ ಇಲ್ಲ. ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಹಾಗಾಗಿ ನನ್ನ ಮಗಳ ಹೂವೀಳ್ಯಕ್ಕೆ ಕೂರುವವಳು ಅಕ್ಕ, ಅಡುಗೆಮನೆ ನೋಡಿಕೊಳ್ಳುವವಳು ನಾನು ಎಂದು ತೀರ್ಮಾನವಾಗಿತ್ತು. ಆಗಲಿ ಎಂದಿದ್ದೆ. ಮನಸ್ಸು ಮಾತ್ರ ಹೂಂ ಅಂದಿರಲಿಲ್ಲ.

ಮಿಷಿಗನ್ ಗಡಿ ದಾಟಿ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಹೊರಗೆ ಐವತ್ತು ಡಿಗ್ರಿ ಫ್ಯಾರನ್‌ಹೀಟ್, ಊರಿನ ಲೆಕ್ಕದಲ್ಲಿ ಹತ್ತು ಡಿಗ್ರಿಯ ಚಳಿ. ಕಲ್ಲುಬೆಂಚಿನ ಮೇಲೆ ಪುಳಿಯೋಗರೆ ಬಿಚ್ಚಿದಾಗ ಸಹನಾ ಮೆಲ್ಲಗೆ ಹೇಳಿದಳು: "ದೊಡ್ಡಮ್ಮ, ಪ್ಲೀಸ್, ಕ್ಯಾರನ್ ಹತ್ರ ಆ ಗಂಡನ ಕ್ವೆಶ್ಚನ್ ಕೇಳ್ಬೇಡಿ. ಇಟ್ಸ್ ಸೋ ಆಕ್ವರ್ಡ್."

"ಕೇಳ್ದೆ ಹೆಂಗೆ ಗೊತ್ತಾಗತ್ತೆ? ನಿನ್ನ ಫೋನ್ ಹೇಳತ್ತಾ?" ಎಂದಳು ಅಕ್ಕ. ಮಗಳ ತಟ್ಟೆಗೆ ಇನ್ನೊಂದು ಸೌಟು ಬಿತ್ತು.

ಕ್ಯಾರನ್ ನಮಗೋಸ್ಕರ ಬೇಳೆ ಸೂಪು ಮಾಡಿದ್ದರು. ಉಪ್ಪು, ಖಾರ ಎರಡೂ ನಾಚಿಕೊಂಡಿದ್ದವು. ಅಕ್ಕ ಚೀಲದಿಂದ ನಿಂಬೆ ಉಪ್ಪಿನಕಾಯಿ ತೆಗೆದಳು. ಕ್ಯಾರನ್ ಎರಡು ಸಲ ಹಾಕಿಸಿಕೊಂಡರು. ಹ್ಯಾನಾಳ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಜ್ಜಿಯಿಂದ ಕೇಳಿದ್ದಷ್ಟೇ: ಗಂಡ ಒಲೆ ತಯಾರಿಸುವ ಕಾರ್ಖಾನೆಯಲ್ಲಿದ್ದ, ಅವಳು ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಯವರ ಬಟ್ಟೆ ಒಗೆಯುತ್ತಿದ್ದಳು.

ಮರುದಿನ ನಾಲ್ವರೂ ಡೆಟ್ರಾಯಿಟ್‌ಗೆ ಹೋದೆವು. ಆ ಮನೆಯಿದ್ದ ಬೀದಿಯಲ್ಲಿ ಈಗ ಮೊಳಕಾಲೆತ್ತರ ಹುಲ್ಲು. ಕೆಂಪು ಇಟ್ಟಿಗೆಯ ಮೂರು ಮೆಟ್ಟಿಲು ಯಾವ ಬಾಗಿಲಿಗೂ ಹೋಗದೆ ನಿಂತಿದ್ದವು. ಕ್ಯಾರನ್ ಕೊನೆಯ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡರು. "ಇದೇ ಮನೆಯದೋ, ಪಕ್ಕದ ಮನೆಯದೋ!" ಎಂದು ನಕ್ಕರು.

ಅಲ್ಲಿಂದ ಸ್ಮಶಾನಕ್ಕೆ. ಮೇಪಲ್ ಎಲೆಗಳ ಅಡಿಯಲ್ಲಿ ಹುಡುಕಿ ಹುಡುಕಿ ಸಾಕಾದಾಗ ಸಹನಾ ಕೂಗಿದಳು. ಕಲ್ಲಿನ ತುಂಬ ಪಾಚಿ. ಅಕ್ಕ ಬಾಟಲಿಯ ನೀರು ಸುರಿದು ಉಜ್ಜಿದಳು. ಮೊದಲು ಗಂಡನ ಹೆಸರು, ಕೆಳಗೆ ಹ್ಯಾನಾ. ಇಸವಿಗಳನ್ನು ಓದಿದೆವು. ಅವನು ಅವಳಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲೇ ಹೋಗಿದ್ದ.

ಕ್ಯಾರನ್ ಬೆರಳು ಮಡಿಸಿ ಲೆಕ್ಕ ಹಾಕಿದರು. "ಆಗ ನನ್ನ ಮುತ್ತಜ್ಜಿ ಇನ್ನೂ ತೊಟ್ಟಿಲಲ್ಲಿದ್ದಳು," ಎಂದರು ಆಮೇಲೆ. "ಅದಕ್ಕೇ ಬಾಡಿಗೆಯವರು. ಅದಕ್ಕೇ ಆ ಬಟ್ಟೆ ರಾಶಿ. ನಮಗೆ ಯಾರೂ ಹೇಳಲೇ ಇಲ್ಲ."

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಪಾಪ, ಗಟ್ಟಿಗಿತ್ತಿ. ಆದ್ರೆ ಇವಳಿಗೆ ಸೀರೆ ಇಡಕ್ಕೆ ಬರಲ್ಲ ಕಣೇ."

"ಏನಂದರು?" ಕ್ಯಾರನ್ ನನ್ನನ್ನು ಕೇಳಿದರು. ಕಣ್ಣು ಒದ್ದೆಯಾಗಿತ್ತು.

"ಹ್ಯಾನಾಳಿಗೆ ಯಾವ ಬಣ್ಣದ ಸೀರೆ ತರೋಣ ಅಂತ ಕೇಳುತ್ತಿದ್ದಾಳೆ," ಎಂದುಬಿಟ್ಟೆ, ಇಂಗ್ಲಿಷಿನಲ್ಲಿ.

ನಲವತ್ತು ವರ್ಷದಿಂದ ಅಮೆರಿಕದಲ್ಲಿರುವ ಅಕ್ಕನಿಗೆ ಅದು ಅರ್ಥವಾಗದೆ ಇರುತ್ತದೆಯೇ? ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಕ್ಷರಗಳ ಸಂದಿಯಲ್ಲಿ ಉಳಿದಿದ್ದ ಪಾಚಿಯನ್ನು ಅವಳು ಹೆಬ್ಬೆರಳಿನಿಂದ ತೆಗೆಯುತ್ತಾ ನಿಂತಳು. ಕೊನೆಗೆ, "ಗ್ರೀನ್," ಎಂದಳು. "ವಿತ್ ರೆಡ್ ಬಾರ್ಡರ್."

ಮಧ್ಯಾಹ್ನ ಊಟ ಮುಗಿಸಿ ವಾಪಸು ಹೊರಟೆವು. ಆನ್ ಆರ್ಬರ್ ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಬೀಗಿತ್ತಿ ಮುಂದೆ ಎಷ್ಟು ಸಲೀಸಾಗಿ ಸುಳ್ಳು ಹೇಳಿದ್ಯೇ!"

"ಇನ್ನೇನು ಹೇಳ್ಲಿ ಅಕ್ಕಾ? ಗಂಡ ಇಲ್ದೋಳಿಗೆ ಸೀರೆ ಇಡಕ್ಕೆ ಬರಲ್ಲ ಅಂದ್ಯಲ್ಲ, ನನ್ನನ್ನೂ ಸೇರಿಸೇ ಅಂದಂಗಾಯ್ತು."

ಸಹನಾ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದಳು. "ನೀನು ರೋಡ್ ನೋಡ್ಕೊಂಡು ಡ್ರೈವ್ ಮಾಡು," ಎಂದು ಗದರಿದಳು ಅಕ್ಕ. ಎರಡೂ ಕಡೆ ಕೊಯ್ಲಾದ ಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ಬಹಳ ಹೊತ್ತಾದ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಅವಳೆಂದಳು:

"ಸೀರೆ ಒಪ್ಪಿಕೊಂಡವಳು ನೀನು, ಪೂಜೆಗೂ ನೀನೇ ಕೂತ್ಕೊ. ಪಾಪ ಬಂದ್ರೆ ನಿಂಗೇ ಬರ್ಲಿ. ಮಂಡಿನೋವು ಇಟ್ಕೊಂಡು ನನ್ನ ಕೈಲಿ ಅಷ್ಟು ಹೊತ್ತು ನೆಲದ ಮೇಲೆ ಕೂರಕ್ಕಾಗಲ್ಲ."

ಅಕ್ಕನಿಗೆ ಮಂಡಿನೋವಿದೆ ಎಂದು ನಾನು ಕೇಳಿದ್ದು ಅದೇ ಮೊದಲು.