ಬಾಯಿಂದ ಹುಟ್ಟಿದ ಚಂದ್ರಹೊನ್ನೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಹೊಸಪೇಟೆಯ ಒಂದು ಪಾರ್ಕಿನಲ್ಲಿ, ನಲವತ್ತು ಜನರ ಎದುರು ನಾನೊಂದು ಮರ ಹುಟ್ಟಿಸಿದೆ. ಬೀಜ ಇಲ್ಲ, ಗೊಬ್ಬರ ಇಲ್ಲ, ನೀರೂ ಇಲ್ಲ. ಬರೀ ಬಾಯಿಂದ.

ಹೆಸರು ಚಂದ್ರಹೊನ್ನೆ. ನೀವು ಕೇಳಿಲ್ಲವೇ? ಕೇಳಿರಲಿಕ್ಕಿಲ್ಲ. ಅಂದು ಎಂಟು ಗಂಟೆಯವರೆಗೆ ನಾನೂ ಕೇಳಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಹಸಿರಿಗೂ ನನಗೂ ಇರುವ ನೆಂಟಸ್ತಿಕೆ ಕೊತ್ತಂಬರಿ, ಮೆಂತ್ಯ, ಕರಿಬೇವಿಗೆ ಮುಗಿಯುತ್ತದೆ. ಆದರೆ ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಮ್ಮ ಓಣಿಯ ಗುಲ್‌ಮೊಹರ್ ಬಗ್ಗೆ ಕಣ್ಣಲ್ಲಿ ನೀರು ಬರುವ ಹಾಗೆ ಬರೆದಿದ್ದೆ. (ಅದು ಗುಲ್‌ಮೊಹರ್ ಎಂದು ನನಗೆ ಹೇಳಿದವಳು ಹಾಲು ಹಾಕುವ ಹೆಂಗಸು.) ಅಂದಿನಿಂದ ಊರಿನಲ್ಲಿ ಕೆಲವರು ನನ್ನನ್ನು ಪರಿಸರದ ಮೇಡಂ ಎಂದು ಕರೆಯುತ್ತಾರೆ. ನಾನು ತಿದ್ದಲಿಲ್ಲ. ಯಾರು ತಿದ್ದುತ್ತಾರೆ, ಹೇಳಿ?

ಬೇಸಿಗೆ ರಜೆಯಲ್ಲಿ ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಬರಲಿ ಎಂದು ನನ್ನ ಗೆಳತಿ ಶಿವಲೀಲಾ ಈ ಪಾರ್ಕಿನಲ್ಲಿ ಪ್ರತಿ ಭಾನುವಾರ ಏನಾದರೊಂದು ನಡೆಸುತ್ತಾಳೆ. ಒಂದು ವಾರ ಮಣ್ಣಿನ ಬೊಂಬೆ, ಒಂದು ವಾರ ಬೀಜದುಂಡೆ, ಒಂದು ವಾರ ಅಪ್ಪಂದಿರಿಗೆ ಲಿಂಬೆಹಣ್ಣು-ಚಮಚ ಓಟ. (ಅಪ್ಪಂದಿರು ಲಿಂಬೆಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಓಡಿದರಂತೆ. ಮಕ್ಕಳೇ ಕಂಡುಹಿಡಿದು ಡಿಸ್‌ಕ್ವಾಲಿಫೈ ಮಾಡಿದರಂತೆ.) ಆ ಭಾನುವಾರ 'ಮರಗಳ ಪರಿಚಯ'. ಶನಿವಾರ ಮಧ್ಯಾಹ್ನ ಶಿವಲೀಲಾಳ ಫೋನ್ ಬಂತು.

"ಬಾಟನಿ ಸರ್ ಕಾಲು ಉಳುಕಿಸ್ಕೊಂಡು ಮಲಗ್ಯಾರ. ನಾಳೆ ಮುಂಜಾನಿ ಏಳಕ್ಕ ನೀನೇ ಬಂದುಬಿಡು."

"ನಂಗೇನ್ ಗೊತ್ತೈತಿ ಗಿಡದ್ದು?"

"ಬ್ಯಾನರಿನ್ಯಾಗ ನಿಸರ್ಗತಜ್ಞೆ ಅಂತ ಹಾಕ್ಸೀನಿ. ಫೋಟೋನೂ ಹಾಕ್ಸೀನಿ, ಆ ಮೈಸೂರ್ ಸಿಲ್ಕ್ ಉಟ್ಟಿದ್ದು."

ಆ ಫೋಟೋದಲ್ಲಿ ನಾನು ನಿಜಕ್ಕೂ ಚೆನ್ನಾಗಿ ಕಾಣುತ್ತೇನೆ. ಆಯ್ತು ಎಂದೆ.

ಸಂಜೆಯೆಲ್ಲ ಕೂತು ಏಳು ಮರ ಬಾಯಿಪಾಠ ಮಾಡಿದೆ. ಎಲೆ, ಹೂವು, ಕಾಯಿ, ಉಪಯೋಗ. ಪಾರ್ಕಿನಲ್ಲಿ ಯಾವ ಏಳು ಇವೆ ಎಂದು ಶಿವಲೀಲಾಳಿಂದ ಫೋಟೋ ತರಿಸಿಕೊಂಡಿದ್ದೆ. ನಮ್ಮ ಯಜಮಾನರು ಫ್ಯಾಕ್ಟರಿಯಿಂದ ಬಂದವರು ನನ್ನ ಸಿದ್ಧತೆ ನೋಡಿ, "ಎಂಟನೇ ಗಿಡಾ ಯಾರಾದ್ರೂ ಕೇಳಿದ್ರ?" ಎಂದರು. ಕೆಟ್ಟ ಮಾತಾಡಬೇಡಿ ಎಂದೆ.

ಮರುದಿನ ಮೊದಲ ಏಳು ಮರಗಳು ಅದ್ಭುತವಾಗಿ ಹೋದವು. ಬೇವಿನ ಕೆಳಗೆ ಚಪ್ಪಾಳೆ ಬಿತ್ತು. ಅತ್ತಿ ಮರದ ಕೆಳಗೆ ಒಂದಿಬ್ಬರು ತಾಯಂದಿರು ನೋಟ್ಸ್ ಬರೆದುಕೊಂಡರು. ಏಳನೆಯದು ಮುಗಿಸಿ, ಇನ್ನು ತಿಂಡಿಗೆ ತರಿಸಿದ್ದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನೋಣ ಎಂದು ತಿರುಗಿದೆ. ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ಮೇಡಂ, ಇದ್ಯಾವ ಗಿಡಾರೀ?"

ಭೂಮಿಕಾ. ನಾಲ್ಕನೇ ಕ್ಲಾಸು ಮುಗಿಸಿದ ಹುಡುಗಿ. ಕೈಯಲ್ಲಿ ನೋಟ್‌ಬುಕ್ಕು, ಪಕ್ಕದಲ್ಲಿ ಅವಳ ಅಜ್ಜ. ಅಜ್ಜ ಕಂಪ್ಲಿಯ ರೈಸ್ ಮಿಲ್ಲಿನ ಗೌಡರು, ರಜೆಯಲ್ಲಿ ಮಗಳ ಮನೆಗೆ ಬಂದಿದ್ದರು. ಅವಳು ತೋರಿಸಿದ ಮರ ಮಕ್ಕಳ ಜೋಕಾಲಿಯ ಪಕ್ಕದಲ್ಲಿತ್ತು. ಒಂದೂ ಎಲೆ ಇಲ್ಲ. ನುಣುಪಾದ, ಬೂದಿಬಿಳಿ ಬಣ್ಣದ ಕಾಂಡ. ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.

ನಾನು 'ಗೊತ್ತಿಲ್ಲ' ಎನ್ನಬಹುದಿತ್ತು. ಅದು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಿಂದೆ ಬ್ಯಾನರಿನಲ್ಲಿ ಮೈಸೂರ್ ಸಿಲ್ಕ್ ಉಟ್ಟ ನಿಸರ್ಗತಜ್ಞೆ ನನ್ನನ್ನೇ ನೋಡುತ್ತಿದ್ದಳು.

"ಇದು ಚಂದ್ರಹೊನ್ನೆ" ಎಂದೆ.

ಎಲ್ಲಿಂದ ಬಂತೋ ಗೊತ್ತಿಲ್ಲ. ಬಂದಮೇಲೆ ನಿಲ್ಲಲಿಲ್ಲ. "ಬಹಳ ಅಪರೂಪ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ಹುಣ್ಣಿಮೆಯಲ್ಲಿ ಕಾಂಡ ಹೊಳೆಯುತ್ತದೆ. ಹಂಪಿಯ ಅರಮನೆ ತೋಟಗಳಲ್ಲಿ ರಾಣಿಯರು ಇದನ್ನು ಬೆಳೆಸುತ್ತಿದ್ದರಂತೆ."

(ಆ 'ಅಂತೆ' ಗಮನಿಸಿ. ನನ್ನ ಪ್ರಾಮಾಣಿಕತೆಯೆಲ್ಲ ಅದೊಂದೇ ಪದದಲ್ಲಿತ್ತು.)

ಯಾರಾದರೂ ಒಬ್ಬರು ನಗುತ್ತಾರೆ, ನಾನೂ ನಕ್ಕು ಸುಮ್ಮನಾಗಬಹುದು ಎಂದುಕೊಂಡಿದ್ದೆ. ಆದದ್ದೇ ಬೇರೆ. ಗೌಡರು ಮೀಸೆ ನೀವಿ, "ಹೌದೌದು, ನಮ್ಮ ಮುತ್ತ್ಯಾ ಹೇಳ್ತಿದ್ದ ಈ ಗಿಡದ್ದು" ಎಂದರು. ಮಲಪನಗುಡಿಯಿಂದ ಬಂದಿದ್ದ ಒಬ್ಬರು, "ಸಂಡೂರ್ ಗುಡ್ಡದಾಗ ಭಾಳ ಇದ್ವುರಿ ಇವು, ಈಗ ಮೈನಿಂಗಿನ್ಯಾಗ ಹೋದ್ವು" ಎಂದು ನಿಟ್ಟುಸಿರು ಬಿಟ್ಟರು. ಇನ್ನೊಬ್ಬ ತಾಯಿ ಮುಂದೆ ಬಂದು, "ನಮ್ಮ ಕಡೆ ಸೋಮಹೊನ್ನಿ ಅಂತೀವ್ರಿ. ಮಣಕಾಲ್ ನೋವಿಗೆ ಮಸ್ತ್ ಔಷಧಿ" ಎಂದರು. ಚಂದ್ರವೋ ಸೋಮವೋ ಎಂದು ಅಲ್ಲೇ ಸಣ್ಣ ಜಗಳವೂ ಆಯಿತು. ನಾನು ಮಧ್ಯಸ್ಥಿಕೆ ವಹಿಸಿ ಎರಡೂ ಸರಿ ಎಂದೆ.

ಐದು ನಿಮಿಷದ ಹಿಂದೆ ಹುಟ್ಟಿದ ಮರಕ್ಕೆ ಮುತ್ತಜ್ಜ, ಬೆಟ್ಟ, ಔಷಧಿ ಎಲ್ಲ ಸಿಕ್ಕಿತ್ತು. ನನಗೊಬ್ಬಳಿಗೇ ಅಲ್ಲ, ಅಲ್ಲಿದ್ದ ಯಾವ ದೊಡ್ಡವರಿಗೂ 'ಗೊತ್ತಿಲ್ಲ' ಎನ್ನಲು ಬರುತ್ತಿರಲಿಲ್ಲ!

ನಾನು ಮಿರ್ಚಿ ತಿನ್ನುವಾಗ ಪಾರ್ಕಿಗೆ ನೀರು ಹಾಕುವ ಹುಲಿಗೆಮ್ಮ ಪೈಪು ಸುತ್ತುತ್ತ ಪಕ್ಕಕ್ಕೆ ಬಂದಳು. ಹದಿನೈದು ವರ್ಷದಿಂದ ಅಲ್ಲೇ ಕೆಲಸ ಮಾಡುವವಳು.

"ಮೇಡಂರ, ಆ ಗಿಡದ ಹೆಸ್ರು ಏನಂದ್ರಿ?"

"ಚಂದ್ರಹೊನ್ನೆ" ಎಂದೆ, ದನಿ ತಗ್ಗಿಸಿ.

"ಹೌದೇನ್ರಿ? ಬದುಕಿದ್ದಾಗ ಹೊಂಗಿ ಆಗಿತ್ರಿ. ಸತ್ತಮ್ಯಾಲ ಹೆಸ್ರು ಬದ್ಲಿ ಮಾಡ್ಕೊಂಡಿರಬೇಕು."

ಮಿರ್ಚಿ ಗಂಟಲಲ್ಲೇ ನಿಂತಿತು. ಅದು ನಿದ್ದೆ ಮಾಡುತ್ತಿರಲಿಲ್ಲ. ಸತ್ತು ಎರಡು ವರ್ಷವಾಗಿತ್ತು. ಹುಲಿಗೆಮ್ಮ ಮುಖದಲ್ಲಿ ನಗುವಿನ ಒಂದು ಗೆರೆಯೂ ಇಲ್ಲದೆ ನನಗೊಂದು ಲೋಟ ನೀರು ತಂದುಕೊಟ್ಟಳು.

ಆಗಲಾದರೂ ಎಲ್ಲರನ್ನೂ ಕರೆದು ಹೇಳಬೇಕಿತ್ತು. ಹೇಳಲಿಲ್ಲ. ಒಂದು ಸುಳ್ಳು ಹೆಸರಿನಿಂದ ಯಾರಿಗೇನು ನಷ್ಟ ಎಂದುಕೊಂಡು ಮನೆಗೆ ಬಂದೆ.

ಗುರುವಾರ ಸಂಜೆ ಶಿವಲೀಲಾ ಮತ್ತೆ ಫೋನ್ ಮಾಡಿದಳು. "ಜಲ್ದಿ ಪಾರ್ಕಿಗೆ ಬಾ. ನಮ್ಮ ಚಂದ್ರಹೊನ್ನಿ ಕಡಿಯಾಕ ಬಂದಾರ!"

ಹೋಗಿ ನೋಡುತ್ತೇನೆ, ಮರದ ಸುತ್ತ ಇಪ್ಪತ್ತೈದು ಜನ ಕೈ ಕೈ ಹಿಡಿದು ನಿಂತಿದ್ದಾರೆ. ಯಾರೋ ಭಾನುವಾರದ ನನ್ನ ಭಾಷಣದ ವಿಡಿಯೋ ಎಲ್ಲ ಗ್ರೂಪುಗಳಿಗೂ ಹಾಕಿದ್ದಾರೆ. ರಟ್ಟಿನ ಮೇಲೆ 'ರಾಣಿಯರ ಮರ ಉಳಿಸಿ' ಎಂದು ಬರೆದುಕೊಂಡು ಬಂದಿದ್ದಾರೆ. ಮುಂದೆ ಗೌಡರು, ಅವರ ಪಕ್ಕದಲ್ಲಿ ಭೂಮಿಕಾ. ಗರಗಸ ಹಿಡಿದ ಇಬ್ಬರು ಕೆಲಸಗಾರರು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾರೆ. ನನ್ನನ್ನು ನೋಡಿದ್ದೇ ಎಲ್ಲರೂ ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಹುಲಿಗೆಮ್ಮ ನನ್ನ ತೋಳು ಹಿಡಿದು ಒಂದು ಬದಿಗೆ ಎಳೆದಳು. ಈ ಸಲ ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

"ಮೇಡಂರ, ನಾ ಹೇಳಿ ಹೇಳಿ ಸಾಕಾಗಿ ಈಗ ಕಡಿಯಾಕ ಪರ್ಮಿಷನ್ ಬಂದೈತಿ. ಬುಡ ಎಲ್ಲಾ ಗೆದ್ಲು ತಿಂದೈತಿ. ಮಳಿಗಾಳಿ ಎದ್ರ ಬೀಳ್ತೈತಿ. ಕೆಳಗ ಜೋಕಾಲಿ ಐತಿ, ನೋಡ್ರಿ."

ನೋಡಿದೆ. ಜೋಕಾಲಿಯಲ್ಲಿ ಎರಡು ಮಕ್ಕಳು ಜೀಕುತ್ತಿದ್ದವು. ಅವರ ಅಮ್ಮಂದಿರು ಮರ ಉಳಿಸುವ ಸರಪಳಿಯಲ್ಲಿ ನಿಂತಿದ್ದರು.

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಆದರೆ ಆ ಹತ್ತು ಹೆಜ್ಜೆ ನಡೆದು ಜನರ ಮುಂದೆ ನಿಲ್ಲುವುದು ಆ ಮೂವತ್ತು ವರ್ಷಕ್ಕಿಂತ ಉದ್ದವೆನಿಸಿತು.

"ದಯವಿಟ್ಟು ಕೇಳಿ. ಇದು ಚಂದ್ರಹೊನ್ನೆ ಅಲ್ಲ. ಆ ಹೆಸರಿನ ಮರವೇ ಇಲ್ಲ. ನನಗೆ ಗೊತ್ತಿರಲಿಲ್ಲ, ಸುಳ್ಳು ಹೇಳಿದೆ. ಇದು ಸತ್ತ ಹೊಂಗೆ ಮರ."

ಗೌಡರು ಹತ್ತಿರ ಬಂದು, ಬಹಳ ಕಕ್ಕುಲಾತಿಯಿಂದ ಕೇಳಿದರು.

"ಮೇಡಂ, ಯಾರರ ಹೆದರ್ಸಿದ್ರೇನ್ರಿ? ನಾವ್ ಅದೀವಿ, ಅಂಜಬ್ಯಾಡ್ರಿ."

"ಯಾರೂ ಹೆದರ್ಸಿಲ್ಲ ಗೌಡ್ರ. ನಾನೇ ಸುಳ್ಳ್ ಹೇಳಿದ್ದು."

"ಹಂಗಾದ್ರ ನಮ್ಮ ಮುತ್ತ್ಯಾ ಹೇಳಿದ್ದೂ ಸುಳ್ಳೇನ್ರಿ?"

ಸುಳ್ಳು ಹೇಳಿದಾಗ ಒಬ್ಬರೂ ಅನುಮಾನ ಪಡಲಿಲ್ಲ. ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. 'ಮೇಡಂ ಮೇಲೆ ಒತ್ತಡ ಐತಿ' ಎಂದು ಯಾರೋ ಆಗಲೇ ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದರು. ಶಿವಲೀಲಾ ಮಾತ್ರ ನನ್ನ ಮುಖ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಅಷ್ಟರಲ್ಲಿ ಗಾಳಿ ಎದ್ದಿತು. ಬೇಸಿಗೆಯ ಕೊನೆಯಲ್ಲಿ ನಮ್ಮ ಕಡೆ ಮಳೆಗಿಂತ ಮುಂಚೆ ಬರುತ್ತದಲ್ಲ, ಕಣ್ಣಿಗೆ ಕೆಂಪು ಧೂಳು ಎರಚುವ ಗಾಳಿ, ಅದು. ಎಲ್ಲರೂ ಸೆರಗು, ಕರ್ಚೀಫು ಮುಖಕ್ಕೆ ಹಿಡಿದರು. ಹುಲಿಗೆಮ್ಮ ಯಾರನ್ನೂ ಕೇಳಲಿಲ್ಲ. ಓಡಿಹೋಗಿ ಜೋಕಾಲಿ ನಿಲ್ಲಿಸಿ, ಎರಡೂ ಮಕ್ಕಳನ್ನು ಒಂದೊಂದು ಕಂಕುಳಲ್ಲಿ ಎತ್ತಿಕೊಂಡು ಈಚೆ ಬಂದಳು. ಮಕ್ಕಳು ಇಳಿಸು ಎಂದು ಕಿರುಚುತ್ತಿದ್ದವು. "ಸರೀರಿ! ದೂರ ಸರೀರಿ!" ಎಂದು ಅವಳು ಕೂಗಿದ ಕೂಗಿಗೆ ಸರಪಳಿ ತಾನಾಗಿಯೇ ಹಿಂದಕ್ಕೆ ಹೋಯಿತು.

ಮೇಲೆ ಲಟಕ್ ಎಂದಿತು. ತೊಡೆ ಗಾತ್ರದ ಒಂದು ಕೊಂಬೆ ಜೋಕಾಲಿಯ ಮೇಲೆ ಬಿತ್ತು. ಖಾಲಿ ಹಲಗೆ ಎರಡು ತುಂಡಾಯಿತು.

ನಾನಂತೂ ನೆಲದ ಮೇಲೆ ಕೂತುಬಿಟ್ಟಿದ್ದೆ. ಆ ತಾಯಂದಿರಲ್ಲಿ ಒಬ್ಬರು ಬಂದು ಹುಲಿಗೆಮ್ಮನ ಕಂಕುಳಿನಿಂದ ಮಗುವನ್ನು ಎತ್ತಿಕೊಂಡರು, ಮಗುವಿನ ಬೆನ್ನು ಸವರಿದರು, ಮತ್ತೆ ಮತ್ತೆ ಸವರಿದರು. ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಬಿದ್ದದ್ದೇನೆಂದು ಮೊದಲು ನೋಡಿದವಳು ಭೂಮಿಕಾ. ಗಾಳಿ ತಗ್ಗಿದ ಮೇಲೆ, ಸಿಡಿದು ದೂರ ಬಂದಿದ್ದ ಒಂದು ತುಂಡನ್ನು ಎತ್ತಿ ಒಳಗೆ ಇಣುಕಿದಳು. "ಒಳಗ ಬರೀ ಮಣ್ಣೈತ್ರಿ" ಎಂದಳು. ಆಮೇಲೆ ನೋಟ್‌ಬುಕ್ಕು ತೆಗೆದು ನನ್ನ ಪಕ್ಕದಲ್ಲೇ ಕೂತಳು.

"ಮೇಡಂ, ಹಂಗಾದ್ರ ಏನ್ ಬರೀಲಿ?"

"ಹೊಂಗೆ ಅಂತ ಬರಿ."

ಚಂದ್ರಹೊನ್ನೆಯನ್ನು ಸ್ಕೇಲ್ ಇಟ್ಟು ನೀಟಾಗಿ ಹೊಡೆದು ಹಾಕಿ, ಹೊಂಗೆ ಎಂದು ಬರೆದಳು. "ನಿಮಗ ಖರೇನ ಗೊತ್ತಿರ್ಲಿಲ್ಲೇನ್ರಿ?"

"ಇಲ್ಲ."

"ಮತ್ತ ಗೊತ್ತಿಲ್ಲ ಅನ್ಬೇಕಿತ್ತಲ್ರಿ. ನಮ್ಮ ಕ್ಲಾಸಿನ್ಯಾಗ ನಾವ್ ದಿನಾ ಅಂತೀವಿ."

ನನ್ನ ಇಡೀ ಸರ್ವಿಸ್ಸಿನಲ್ಲಿ ಯಾವ ಇನ್‌ಸ್ಪೆಕ್ಷನ್ನಿನಲ್ಲೂ ಇಷ್ಟು ನಾಚಿಕೆಯಾಗಿರಲಿಲ್ಲ. ದಿನಾ ತರಗತಿಯಲ್ಲಿ ಗೊತ್ತಿಲ್ಲ ಎಂದ ಮಕ್ಕಳನ್ನು ನಿಲ್ಲಿಸುವವಳು ನಾನೇ ಅಲ್ಲವೇ? ನಿಂತೂ ನಿಂತೂ ಆ ಮಕ್ಕಳು ಒಂದು ದಿನ ನಮ್ಮ ಹಾಗೆ ಬುದ್ಧಿವಂತರಾಗುತ್ತಾರೆ. ಆಮೇಲೆ ದಾರಿ ಕೇಳಿದವರಿಗೆ ಗೊತ್ತಿಲ್ಲದ ದಾರಿ ತೋರಿಸುತ್ತಾರೆ, ಜ್ವರ ಎಂದವರಿಗೆ ಗೊತ್ತಿಲ್ಲದ ಮಾತ್ರೆ ಹೇಳುತ್ತಾರೆ, ಗ್ರೂಪಿಗೆ ಬಂದದ್ದನ್ನೆಲ್ಲ ಮುತ್ತಜ್ಜನ ಹೆಸರಲ್ಲಿ ಮುಂದಕ್ಕೆ ಕಳಿಸುತ್ತಾರೆ.

ಮುತ್ತಜ್ಜ ಎಂದರೆ ನೆನಪಾಯಿತು. ಗೌಡರು ಬಹಳ ಹೊತ್ತು ಆ ಕೊಂಬೆಯನ್ನು ಕೋಲಿನಿಂದ ತಿವಿದು ನೋಡಿದರು. ಆಮೇಲೆ ಪಕ್ಕದವರಿಗೆ, "ನಾ ಮೊದಲಿಂದ ಅಂತಿದ್ನಿ, ಈ ಗಿಡಾ ಏನೋ ಸರಿ ಇಲ್ಲ ಅಂತ" ಎಂದರು. ಪಕ್ಕದವರು ಹೌದೌದು ಎಂದರು.

ಮರುದಿನ ಬೆಳಿಗ್ಗೆ ಮರ ಕಡಿದರು. ಒಬ್ಬರೂ ಅಡ್ಡ ಬರಲಿಲ್ಲ. ಜೋಕಾಲಿ ಅತ್ತಿ ಮರದಾಚೆ ಬಯಲಿಗೆ ಹೋಯಿತು. ಆ ಭಾನುವಾರದ ಕಾರ್ಯಕ್ರಮ ನಡೆಸಿದವಳು ಹುಲಿಗೆಮ್ಮ. ಅವಳು ಒಲ್ಲೆ ಒಲ್ಲೆ ಎಂದಳು, ಶಿವಲೀಲಾ ಮೈಕು ಕೊಟ್ಟೇ ಬಿಟ್ಟಳು. ಮೂವತ್ತೊಂದು ಮರ ತೋರಿಸಿದಳು. ಮೂರರ ಮುಂದೆ ನಿಂತು, "ಇದು ನನಗ ತಿಳೀದು. ಹದಿನೈದು ವರ್ಷದಿಂದ ನೀರ್ ಹಾಕೀನಿ, ಹೆಸ್ರು ಕೇಳಿಲ್ಲ" ಎಂದಳು. ಮಕ್ಕಳು ಅದನ್ನೂ ಬರೆದುಕೊಂಡವು. ನಾನು ಹಿಂದೆ ನಿಂತು ಚಪ್ಪಾಳೆ ಹೊಡೆದೆ. ಅದು ಬಿಟ್ಟರೆ ನನಗೆ ಕೊಟ್ಟ ಕೆಲಸ ಹೊಸ ಹೊಂಗೆ ಸಸಿಗೆ ಗುಂಡಿ ತೋಡುವುದು. ಎರಡಡಿ ಆಳ ಎಂದಿದ್ದಳು ಹುಲಿಗೆಮ್ಮ. ಒಂದೂವರೆಗೆ ನಿಲ್ಲಿಸಿದ್ದೆ. ಕೋಲು ಇಳಿಸಿ ಅಳೆದು, ಮತ್ತೆ ತೋಡಿಸಿದಳು.

ಇನ್ನು ನನ್ನ ಕಥೆ ಮುಗಿಯಿತು, ಬುದ್ಧಿ ಬಂತು, ಬೊಬ್ಬೆ ಎದ್ದ ಅಂಗೈಯಲ್ಲಿ ಈ ಅಂಕಣ ಬರೆಯುತ್ತಿದ್ದೇನೆ ಎನ್ನುವಾಗ ಶಿವಲೀಲಾಳ ಫೋನ್ ಬಂತು. ಬರುವ ಭಾನುವಾರ ಪಕ್ಷಿ ವೀಕ್ಷಣೆಯಂತೆ. ಕರೆದ ತಜ್ಞರು ಕೈ ಕೊಟ್ಟರಂತೆ.

ನಾನು ಈ ಸಲ ಒಂದು ಸೆಕೆಂಡೂ ತಡಮಾಡಲಿಲ್ಲ. "ನಂಗ ಹಕ್ಕಿ ಗೊತ್ತಿಲ್ಲ. ಕಾಗಿ ಬಿಟ್ರ ಒಂದೂ ಗೊತ್ತಿಲ್ಲ" ಎಂದೆ. ಎಂಥ ಹಗುರವಾದ ಮಾತು ಅದು!

"ಅದಕ್ಕೇನಾತು ಬಾರೇ," ಎಂದಳು ಶಿವಲೀಲಾ. "ಗಿಡಾ ಆದ್ರ ಅಲ್ಲೇ ನಿಂತಿರ್ತೈತಿ, ಸಿಕ್ಕಿ ಬೀಳ್ತೀವಿ. ಹಕ್ಕಿ ಹಾರಿ ಹೋಗ್ತೈತಲ್ಲ?"

ಈಗ ನೀವೇ ಹೇಳಿ, ಇಂಥ ವಾದದ ಮುಂದೆ ಎಷ್ಟು ಹೊತ್ತು ಒಲ್ಲೆ ಎನ್ನಲಿ?